ಬಾಗಿಲು ಬಡಿಯದವನು
ನನ್ನ ಗೆಳೆಯ ಕರೆಂಟಿನ ಮೀಟರ್ ಓದುವವನು. ಜೀವಮಾನವೆಲ್ಲ ಮನೆಮನೆ ಸುತ್ತಿದರೂ ಒಂದು ಬಾಗಿಲನ್ನೂ ಬಡಿದವನಲ್ಲ. ಕರೆಗಂಟೆ ಕಂಡರಂತೂ ಹಾವು ಕಂಡವನಂತೆ ಹಿಂದೆ ಸರಿಯುತ್ತಿದ್ದ. ಬೀದಿಯ ತಿರುವಿನಲ್ಲೇ ಅವನ ಗಂಟಲು ಶುರುವಾಗುತ್ತಿತ್ತು: "ಕರೆಂಟಿನವನು ಅಕ್ಕಾ! ಒಬ್ಬನೇ ಬಂದಿದ್ದೀನಿ!" ಮಲಗಿದ್ದ ಕೂಸುಗಳು ಬೆಚ್ಚಿ ಅಳುತ್ತಿದ್ದವು, ನಾಯಿಗಳು ಮಾತ್ರ ಬಾಲ ಅಲ್ಲಾಡಿಸುತ್ತಿದ್ದವು. "ಒಬ್ಬನೇ ಅಂತ ಗೊತ್ತಪ್ಪಾ, ಈ ಗಂಟಲಿನ ಜೊತೆ ಯಾರು ತಾನೇ ಓಡಾಡ್ತಾರೆ?" ಎಂದು ಮಹಡಿ ಮನೆಯಾಕೆ ರೇಗಿಸಿದರೆ, "ನನ್ನ ಹೆಂಡತೀನೂ ಅದನ್ನೇ ಹೇಳ್ತಾಳೆ ಅಕ್ಕಾ" ಎನ್ನುತ್ತಾ ಮಂತ್ರಿಯ ಗತ್ತಿನಲ್ಲಿ ಒಳಗೆ ಬರುತ್ತಿದ್ದ. ತನ್ನ ಮನೆಗೂ ಹಾಗೇ ಕೂಗಿಕೊಂಡು ಹೋಗುತ್ತಿದ್ದ. "ಸ್ವಂತ ಮನೆಗೂ ಯಾಕೋ ಈ ಡಂಗುರ?" ಎಂದು ಒಮ್ಮೆ ನಾನು ನಕ್ಕೆ. ಅವನು ನಗದೆ ಹೇಳಿದ. ಅದು ಸರ್ಕಾರವನ್ನು ಟೀಕಿಸಿದವರನ್ನು ಸೈನಿಕರು ಮನೆಗಳಿಂದ ಎಳೆದೊಯ್ಯುತ್ತಿದ್ದ ಕಾಲ. ಮೇಷ್ಟ್ರಾಗಿದ್ದ ಅವನಪ್ಪನ ಮೇಲೂ ಕಣ್ಣಿತ್ತು. ಚಿಕ್ಕವನಾಗಿದ್ದ ಇವನು ಆಟ ಮುಗಿಸಿ ಬಂದು, ಹಸಿವಿನ ಆತುರದಲ್ಲಿ ಬಾಗಿಲನ್ನು ದಬದಬ ಬಡಿದ. ಸೈನಿಕರೇ ಬಂದರೆಂದುಕೊಂಡ ಅಪ್ಪ ಹಿತ್ತಿಲ ಗೋಡೆ ಹಾರಿದರು. ಸೈನಿಕರು ನಿಂತಿದ್ದದ್ದು ಹಿಂದಿನ ಗಲ್ಲಿಯಲ್ಲಿ. ಅಪ್ಪ ಮತ್ತೆ ಮನೆಗೆ ಬರಲಿಲ್ಲ. "ಬಂದಿರೋದು ಯಾರು ಅಂತ ಒಳಗಿದ್ದವರಿಗೆ ಗೊತ್ತಾಗಬೇಕು ಕಣೋ" ಎಂದ, ಅಷ್ಟೇ. ಮೊನ್ನೆ ಅವನನ್ನು ಮಣ್ಣು ಮಾಡಿದ ಮರುದಿನ ಅವನ ಮನೆಗೆ ಹೋದೆ. ಬಾಗಿಲು ಮುಚ್ಚಿತ್ತು. ಬಡಿಯಲು ಎತ್ತಿದ ಕೈಯನ್ನು ಇಳಿಸಿ, ಬೀದಿಯ ತಿರುವಿಗೆ ವಾಪಸು ನಡೆದು, ಗಂಟಲು ಬಿಚ್ಚಿ ಕೂಗಿದೆ: "ಅತ್ತಿಗೇ, ನಾನು! ಒಬ್ಬನೇ ಬಂದಿದ್ದೀನಿ!"