ಗಂಡನ ಲಾನು, ನನ್ನ ಕೋನ್‌ಫ್ಲವರ್

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಷಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ಮನೆ ಕೊಂಡಾಗ ನನ್ನ ಗಂಡನಿಗೆ ಮನೆಗಿಂತ ಅದರ ಸುತ್ತಲಿನ ಹುಲ್ಲಿನ ಮೇಲೆ ಮೋಹ ಹುಟ್ಟಿತು. ವಾರವಿಡೀ ರೈಲಿನಲ್ಲಿ ಷಿಕಾಗೋಗೆ ಹೋಗಿಬರುತ್ತಿದ್ದ ಎಂಜಿನಿಯರು, ಶನಿವಾರ ಬಂತೆಂದರೆ ಹುಲ್ಲು ಕತ್ತರಿಸುವ ಮೋವರ್ ಹಿಡಿದು ನಿಲ್ಲುತ್ತಿದ್ದರು. ನಮ್ಮ ಲಾನು ಅಕ್ಕಪಕ್ಕದವರದರಂತೆಯೇ ಇರಬೇಕು. ಒಂದೆಳೆ ಉದ್ದ ಬೆಳೆದರೂ ಅವರ ಮಾನ ಹೋಗುತ್ತಿತ್ತು.

ನನಗೆ ಆ ಹುಲ್ಲು ಕಂಡರಾಗದು. ತಿನ್ನಲೂ ಬಾರದ, ಮುಡಿಯಲೂ ಬಾರದ ಹಸಿರು. ಒಂದು ವಸಂತದಲ್ಲಿ ಹಿಂದಿನ ಮನೆಯ ಮುದುಕಿ ತಾನು ಬೀಜ ಹಾಕಿ ಎಬ್ಬಿಸಿದ ಕೆಲವು ಸಸಿಗಳನ್ನು ಬೇಲಿಯ ಮೇಲಿಂದ ಕೊಟ್ಟಳು. ಕಿತ್ತಳೆ ಬಣ್ಣದ ಕೋನ್‌ಫ್ಲವರ್. ಈ ಸೀಮೆಯದೇ ಗಿಡ, ಬೇರು ಹಿಡಿದರೆ ವರ್ಷ ವರ್ಷವೂ ತಾನಾಗಿ ಚಿಗುರುತ್ತದೆ ಎಂದಳು. ಹಿತ್ತಿಲಿನ ಬಿಸಿಲು ಮೂಲೆಯಲ್ಲಿ ಹುಲ್ಲು ಕಿತ್ತು, ಜಿಗುಟು ಮಣ್ಣಿಗೆ ಕೊಳೆತ ಎಲೆ ಬೆರೆಸಿ ನೆಟ್ಟೆ. ಮೊದಲ ವರ್ಷ ನೆಲಕ್ಕಂಟಿದ ಒರಟು ಎಲೆ ಬಿಟ್ಟರೆ ಏನೂ ಇಲ್ಲ. ಮರುವರ್ಷ ಜುಲೈನಲ್ಲಿ ಹೂ ಬಂತು. ನಡುವೆ ಕಪ್ಪು ಗುಬುಟು, ಸುತ್ತ ಕಿತ್ತಳೆ ಮಿಶ್ರಿತ ಹಳದಿ ಎಸಳು.

ಗಂಡ ಕಾಫಿ ಲೋಟ ಹಿಡಿದು ಬಂದು ನೋಡಿದರು. "ಹುಚ್ಚೆಳ್ಳು ಬೆಳೆಯೋಕೆ ಅಮೆರಿಕಾಕ್ಕೆ ಬರಬೇಕಿತ್ತೇನೇ?"

"ನಿಮ್ಮನ್ನೇನೂ ನೀರು ಹಾಕಿ ಅಂದಿಲ್ವಲ್ಲ," ಎಂದೆ.

ಅದೇ ತಿಂಗಳು ಅವರ ಬಾಸ್ ಹೆಂಡತಿಯೊಡನೆ ಭಾನುವಾರ ಊಟಕ್ಕೆ ಬರುವುದಿತ್ತು. ಬೆಳಿಗ್ಗೆ ನಾನು ಮಗಳನ್ನು ಕರೆದುಕೊಂಡು ತರಕಾರಿಗೆ ಹೋಗಿದ್ದೆ. ವಾಪಸು ಬಂದಾಗ ಹಿತ್ತಿಲು ಬೇಲಿಯವರೆಗೂ ಒಂದೇ ಸಮ ಬೋಳಾಗಿತ್ತು. ಮೂಲೆಯಲ್ಲಿ ಚೂರಾದ ಎಸಳು, ಮೊಳಕಾಲಿನವರೆಗೆ ಬೆಳೆದಿದ್ದ ಕಾಂಡಗಳ ಬುಡ.

"ಏನ್ರೀ ಇದು?"

"ಕಳೆ ಥರ ಕಾಣ್ತಿತ್ತು. ಅವರು ಏನಂದ್ಕೋತಾರೆ?"

ಕೈತಪ್ಪಿ ಆಯಿತು ಎಂದಿದ್ದರೂ ನಾನು ನಂಬುತ್ತಿದ್ದೆನೇನೋ. ಅಷ್ಟು ಸುಳ್ಳಿನ ಮರ್ಯಾದೆಯನ್ನೂ ಅವರು ನನಗೆ ಕೊಡಲಿಲ್ಲ.

ಅತಿಥಿಗಳೆಂದರೆ ಸಾರಿಗೆ ಖಾರ ಕಮ್ಮಿ ಹಾಕುತ್ತಿದ್ದೆ. ಆ ದಿನ ಹಾಗೆ ಮಾಡಲಿಲ್ಲ. ಬಾಸ್‌ನ ಹೆಂಡತಿ ಕಣ್ಣು ಒರೆಸಿಕೊಳ್ಳುತ್ತ ನೀರು ಕುಡಿದಳು, ಗಂಡ ನನ್ನನ್ನು ದುರುಗುಟ್ಟಿ ನೋಡಿದರು, ನಾನು ಇನ್ನೊಂದು ಸೌಟು ಬಡಿಸಿದೆ. ಪಾಪ, ಆಕೆ ಏನು ಮಾಡಿದ್ದಳು? ಆದರೆ ಆ ಹೊತ್ತಿಗೆ ನನಗೆ ಯಾರ ಮೇಲೂ ಕನಿಕರವಿರಲಿಲ್ಲ.

ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ಏನೇ ಹೇಳುವುದಿದ್ದರೂ ಮಗಳ ಮೂಲಕ. "ನಿಮ್ಮಪ್ಪಂಗೆ ಹೇಳು, ಊಟ ಆಗಿದೆ." "ನಿಮ್ಮಮ್ಮಂಗೆ ಹೇಳು, ಹಸಿವಿಲ್ಲ." ಎರಡನೇ ಕ್ಲಾಸಿನ ಹುಡುಗಿ ಒಂದು ಸಂಜೆ ತಟ್ಟೆ ತಳ್ಳಿ ಕಿರುಚಿದಳು: "ಐ ಆಮ್ ನಾಟ್ ಎ ಟೆಲಿಫೋನ್!"

ಅವಳಿಗಾಗಿ ಮಾತಾಡಲೇಬೇಕಾಯಿತು. ನಾನು ಆಡಿದ ಮೊದಲ ಮಾತು: "ಇನ್ನು ಮೋವರ್ ನೀವು ಮುಟ್ಟಕೂಡದು. ನಾನೇ ಹೊಡೀತೀನಿ."

"ನಿನ್ನ ಕೈಲಾಗತ್ತಾ?" ಎಂದು ನಕ್ಕರು.

ಮೋವರ್ ಚಾಲೂ ಮಾಡುವ ಹಗ್ಗ ಎಳೆದೂ ಎಳೆದೂ ಮೊದಲ ಶನಿವಾರ ರಟ್ಟೆ ಬಿದ್ದುಹೋಯಿತು. ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು. ಕೊನೆಗೆ ಹೊತ್ತಿಕೊಂಡಿತು. ಸೀರೆ ಎತ್ತಿ ಕಟ್ಟಿ, ಕೆನ್ವಾಸ್ ಶೂ ಹಾಕಿಕೊಂಡು, ಬೇಕೆಂದೇ ಮುಂದಿನ ಲಾನಿನಿಂದ ಶುರುಮಾಡಿದೆ. ಎದುರು ಮನೆಯವನು ಕಾರು ತೊಳೆಯುವುದನ್ನು ನಿಲ್ಲಿಸಿ ನೋಡಿದ. ಗಂಡ ಓಡಿಬಂದರು.

"ಕೊಡಿಲ್ಲಿ, ಜನ ನೋಡ್ತಿದಾರೆ."

"ನೋಡ್ಲಿ."

ಕಳೆಯಿಂದ ಹೋಗದ ಮಾನ ಅವತ್ತು ನಿಜಕ್ಕೂ ಹೋಯಿತು. ಅವರು ಒಳಗೆ ಹೋಗಿ ಕಿಟಕಿಯ ಪರದೆ ಎಳೆದುಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೊಡೆದ ಕಡೆಯೇ ಇನ್ನೊಮ್ಮೆ ಹೊಡೆದೆ.

ಹೂಗಿಡಗಳ ಬುಡ ಸತ್ತಿರಲಿಲ್ಲ. ಹಿಮ ಬೀಳುವ ಮೊದಲೇ ಎಲೆ ಚಿಗುರಿತು, ಮರುವರ್ಷ ಜುಲೈನಲ್ಲಿ ಮೊದಲಿಗಿಂತ ದಟ್ಟವಾಗಿ ಹೂ ಬಂತು. ಮುಂದಿನ ವಸಂತಗಳಲ್ಲಿ ಬುಡಗಳನ್ನು ಗುದ್ದಲಿಯಿಂದ ಸೀಳಿ ಬೇಲಿಯುದ್ದಕ್ಕೂ ನೆಟ್ಟೆ. ಪ್ರತಿ ಸಲವೂ ಲಾನನ್ನು ಒಂದಷ್ಟು ಅಗೆದು ಎಸೆಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಲಿವೋನಿಯಾ ಎಂಬ ಊರಿನಲ್ಲಿ ನೆಲೆಸಿದ್ದ, ಮೈಸೂರಿನ ಕಡೆಯ ಒಂದು ಕುಟುಂಬ ಬಂದಿತ್ತು. ಆ ಮನೆಯಾಕೆ ಹಿತ್ತಿಲು ನೋಡಿ, "ಎಷ್ಟು ಚೆನ್ನಾಗಿದೆ ಹೂವು!" ಎಂದರು.

"ನಮ್ಮ ತೋಟ," ಎಂದರು ನನ್ನ ಗಂಡ, ಎದೆಯುಬ್ಬಿಸಿ.

"ನಮ್ಮದಲ್ಲ, ನನ್ನದು," ಎಂದೆ.

ಬಂದವರು ತಟ್ಟೆಯ ಉಪ್ಪಿಟ್ಟನ್ನು ಕೆದಕುತ್ತ ಕೂತರು.