ಬಾಯಿ ಮಾತ್ರ ಆಡಿಸು

ನನಗೆ ಕೂಗಲು ಬರುವುದಿಲ್ಲ. ಇದು ವಿನಯದ ಮಾತಲ್ಲ, ಮನೆ ನಡೆಸುವವಳ ಕಷ್ಟ. ಬೆಳಿಗ್ಗೆ ಸೊಪ್ಪಿನವಳು ನಮ್ಮ ಬೀದಿಯಲ್ಲಿ ಹಾದುಹೋಗುತ್ತಾಳೆ. ನಾನು ಗೇಟಿನ ಬಳಿ ನಿಂತು "ಏನಮ್ಮಾ, ಸ್ವಲ್ಪ ನಿಲ್ತೀರಾ" ಎನ್ನುತ್ತೇನೆ. ನನ್ನ ಮಾತು ಗೇಟು ದಾಟುವಷ್ಟರಲ್ಲಿ ಅವಳು ಬೀದಿ ದಾಟಿರುತ್ತಾಳೆ. ನಮ್ಮವರು ಪೇಪರಿನಿಂದ ತಲೆ ಎತ್ತದೆಯೇ "ಹಾಗಾದ್ರೆ ಇವತ್ತೂ ಬೇಳೆ ಸಾರು" ಎಂದು ತೀರ್ಪು ಕೊಡುತ್ತಾರೆ.

ಹುಟ್ಟುವಾಗ ನಾನು ಹೀಗಿರಲಿಲ್ಲವಂತೆ. ಆವತಿ ಎಂಬ ಹಳ್ಳಿಯಲ್ಲಿದ್ದ ನಮ್ಮಜ್ಜಿಯ ಗಂಟಲೇ ನನಗೆ ಬಂದಿತ್ತಂತೆ. ಅಜ್ಜಿ ಹಿತ್ತಲಲ್ಲಿ ನಿಂತು ಯಾರನ್ನಾದರೂ ಕರೆದರೆ ಹೊಲದಲ್ಲಿದ್ದ ಎತ್ತುಗಳೂ ತಿರುಗಿ ನೋಡುತ್ತಿದ್ದವು. ನನ್ನನ್ನು ಬೆಂಗಳೂರಿನ ಕಾನ್ವೆಂಟಿಗೆ ಸೇರಿಸಿದ ಮೇಲೆ ಸಿಸ್ಟರುಗಳು ಆ ಗಂಟಲನ್ನು, ಪಾಪ, ಬಹಳ ಪ್ರೀತಿಯಿಂದಲೇ ಇಳಿಸಿದರು. "ಸಾಫ್ಟ್ಲಿ, ಚೈಲ್ಡ್, ಸಾಫ್ಟ್ಲಿ." ನಾನು ಒಳ್ಳೆಯ ವಿದ್ಯಾರ್ಥಿನಿ. ಎಷ್ಟು ಒಳ್ಳೆಯವಳೆಂದರೆ, ಅಜ್ಜಿ ಸತ್ತ ದಿನ ಮನೆಯ ಹೆಂಗಸರೆಲ್ಲ ಬಾಯಿಬಿಟ್ಟು ಅಳುತ್ತಿದ್ದಾಗ ನಾನು ಕರ್ಚೀಫಿನೊಳಗೆ ಅತ್ತೆ. ಅವಳು ಕೊಟ್ಟುಹೋದ ದನಿಯಲ್ಲಿ ಅವಳಿಗಾಗಿ ಒಮ್ಮೆ ಅಳೋಣವೆಂದರೆ ಆ ದನಿ ನನ್ನಲ್ಲಿ ಉಳಿದೇ ಇರಲಿಲ್ಲ.

ಇಂಥ ನಾನು ಎಂಬತ್ತರ ದಶಕದ ಕೊನೆಯಲ್ಲಿ ಬಂದು ಬಿದ್ದದ್ದು ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ. ನಮ್ಮವರಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ, ಇಲ್ಲಿಗೆ ವರ್ಗ. ಎಡಕ್ಕೆ ಪವರ್‌ಲೂಮು, ಬಲಕ್ಕೆ ಪವರ್‌ಲೂಮು, ಹಿಂದಿನ ಗೋಡೆಯಾಚೆಯೂ ಪವರ್‌ಲೂಮು. ಪಕ್ಕದ ಮನೆಯ ಗಂಡ ಹೆಂಡತಿ ದಿನವಿಡೀ ಜಗಳವಾಡುತ್ತಾರೆಂದು ನಾನು ಮೊದಮೊದಲು ಮರುಗುತ್ತಿದ್ದೆ. ಕಿವಿಗೊಟ್ಟು ಕೇಳಿದರೆ ಅವರು ಹುಳಿಗೆ ಬದನೆಕಾಯಿ ಹಾಕುವುದೋ ಬೇಡವೋ ಎಂದು ಬಲು ಅಕ್ಕರೆಯಿಂದ ವಿಚಾರಿಸಿಕೊಳ್ಳುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಹತ್ತಿ ಕೂತರೆ ಮಾತ್ರ ಮಾತು ಆ ಕಡೆಗೆ ತಲುಪುವುದು. ಪ್ರೀತಿಗೂ ಅಲ್ಲಿ ಅದೇ ದಾರಿ. ಇದ್ದಕ್ಕಿದ್ದಂತೆ ಕರೆಂಟು ಹೋದಾಗ ತಮಾಷೆ ನೋಡಬೇಕು. ಬೀದಿಗೆ ಬೀದಿಯೇ ಸ್ತಬ್ಧವಾಗಿ, ಯಾರದೋ ಅರ್ಧ ಮಾತು ಒಂಟಿಯಾಗಿ ಗಾಳಿಯಲ್ಲಿ ಸಿಕ್ಕಿಬೀಳುತ್ತಿತ್ತು. "ನಿಮ್ಮಮ್ಮನ್ ಕಾಟ ತಡ್ಯಕ್ಕಾಗಲ್ಲ ಅಂತ" ಎನ್ನುವುದು ಅತ್ತೆಯೂ ಸೇರಿದಂತೆ ಊರಿಗೆಲ್ಲ ಕೇಳಿಸುತ್ತಿತ್ತು. ಮರುಕ್ಷಣ ನನ್ನ ಗೇಟಿನ ಮುಂದೆ ಯಾರಾದರೂ ಹಾಜರು. "ಅಮ್ಮಾ, ಸಾಹೇಬ್ರನ್ನ ಕೇಳಿ, ಕರೆಂಟ್ ಯಾವಾಗ್ ಬರ್ತದಂತೆ?"

ನಮ್ಮ ಶಾಸ್ತ್ರಕಾರರು ಮಾತಿಗೆ ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂದು ನಾಲ್ಕು ಮೆಟ್ಟಿಲು ಹೇಳಿದ್ದಾರೆ. ಅವರು ಮಗ್ಗದ ಮನೆಯೊಳಗೆ ಕಾಲಿಟ್ಟಿದ್ದರೆ ಐದನೆಯದನ್ನೂ ಸೇರಿಸುತ್ತಿದ್ದರು. ಕೂಗಿದರೂ ಕೇಳಿಸದಷ್ಟು ದೂರದಲ್ಲಿದ್ದರೆ ಅಲ್ಲಿಯವರು ದನಿಯನ್ನೇ ಬಿಟ್ಟು ತುಟಿ ಆಡಿಸುತ್ತಾರೆ. ಈ ಮಗ್ಗದ ಬಳಿ ಹೆಂಡತಿಯ ತುಟಿ ಆಡುತ್ತದೆ, ಆ ಮೂಲೆಯಲ್ಲಿ ಗಂಡ ಓದಿಕೊಂಡು ತಲೆಯಾಡಿಸುತ್ತಾನೆ. ಅಕ್ಷರ ಕಲಿಯುವ ಮೊದಲೇ ಮಕ್ಕಳು ತುಟಿ ಓದುವುದನ್ನು ಕಲಿತಿರುತ್ತಾರೆ.

ಬೀದಿಯ ತುದಿಯಲ್ಲೊಂದು ಇಂಗ್ಲಿಷ್ ನರ್ಸರಿ ಶುರುವಾದಾಗ, ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ಅರ್ಹತೆಯ ಮೇಲೆ ನಾನು ಅಲ್ಲಿ ಮಿಸ್ ಆದೆ. ನನ್ನ ಕ್ಲಾಸಿಗೆ ಬಂದಳು ನಾಗವೇಣಿ, ಪಕ್ಕದ ಮನೆಯ ಮಗ್ಗದ ರತ್ನಮ್ಮನ ಮಗಳು. ಸಣ್ಣ ಜುಟ್ಟು, ಬೀಳಲು ಕಾದಿದ್ದ ಒಂದು ಹಲ್ಲು, ಮತ್ತು ನಮ್ಮಜ್ಜಿಯ ಗಂಟಲು. ಅವಳು "ಪ್ರೆಸೆಂಟ್ ಮಿಸ್!" ಎಂದರೆ ಪಕ್ಕದ ಕ್ಲಾಸಿನ ಮಕ್ಕಳೂ ಎದ್ದು ನಿಲ್ಲುತ್ತಿದ್ದರು. ಹಾಜರಿ ಕರೆಯುವಾಗ ನಾನು ಅವಳ ಹೆಸರಿಗಾಗಿ ಒಳಗೊಳಗೇ ಕಾಯುತ್ತಿದ್ದೆ.

ಒಂದು ದಿನ ಹೆಡ್ ಮಿಸ್ ಬೆಂಗಳೂರಿನ ಯಾವುದೋ ಟ್ರೇನಿಂಗಿನಿಂದ ಹೊಸ ಪಾಠ ತಂದರು. ಮಕ್ಕಳು ತಮ್ಮನ್ನು ತಾವು ಮೆಚ್ಚಿಕೊಳ್ಳುವುದನ್ನು ಎಳವೆಯಲ್ಲೇ ಕಲಿಯಬೇಕಂತೆ. ಅದಕ್ಕಾಗಿ ಗೋಡೆಗೆ ಒಂದು ಕನ್ನಡಿ. ಒಬ್ಬೊಬ್ಬರಾಗಿ ಅದರ ಮುಂದೆ ನಿಂತು "ಐ ಆ್ಯಮ್ ಸ್ಪೆಷಲ್" ಎನ್ನಬೇಕು. ಮಕ್ಕಳು ಸಾಲಾಗಿ, ಒಂದೇ ಯೂನಿಫಾರ್ಮಿನಲ್ಲಿ, ಒಂದೇ ರಾಗದಲ್ಲಿ, ತಾವು ಬೇರೆಯವರಂತಲ್ಲ ಎಂದು ಹೇಳಿಹೋದರು. ನಾಗವೇಣಿಯ ಸರದಿ ಬಂತು. ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿ ಖುಷಿಯಾಗಿ, ಎದೆ ತುಂಬ ಉಸಿರೆಳೆದು, ಆ ಮಾತನ್ನು ಅದರ ಅರ್ಥಕ್ಕೆ ತಕ್ಕ ದನಿಯಲ್ಲಿ ಕೂಗಿದಳು. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿತು.

"ಅಯ್ಯೋ! ಹಾಗಲ್ಲ ಪುಟ್ಟಾ. ಮೆತ್ತಗೆ," ಎಂದರು ಹೆಡ್ ಮಿಸ್. "ಇದೇನ್ ಸಂತೆನಾ?"

ಮಕ್ಕಳು ನಕ್ಕವು. ಅವಳು ಇನ್ನೊಮ್ಮೆ ಹೇಳಿದಳು. ಇನ್ನೂ ಜೋರಾಯಿತು. ಮತ್ತೊಮ್ಮೆ. ಕೊನೆಗೆ ಅವಳ ಬಾಯಿಂದ ಏನೂ ಹೊರಡದಿದ್ದಾಗ ಹೆಡ್ ಮಿಸ್ "ಗುಡ್ ಗರ್ಲ್" ಎಂದರು.

ಸ್ಕೂಲ್ ಡೇ ಹತ್ತಿರ ಬಂತು. ಹಾಡಿನ ರಿಹರ್ಸಲಿನಲ್ಲಿ ಹೆಡ್ ಮಿಸ್ ಅವಳನ್ನು ಹಿಂದಿನ ಸಾಲಿನ ತುದಿಗೆ ನಿಲ್ಲಿಸಿ, ಗಲ್ಲ ತಟ್ಟಿ, "ನೀನು ಬಾಯಿ ಮಾತ್ರ ಆಡ್ಸು ಕಂದ, ಸೌಂಡ್ ಬೇಡ" ಎಂದರು. ಅವರು ಕೆಟ್ಟವರಲ್ಲ. ನನ್ನ ಸಿಸ್ಟರುಗಳೂ ಕೆಟ್ಟವರಾಗಿರಲಿಲ್ಲ. ನಾನು ಹೋಗಿ, ಹಾಗೆ ಮಾಡಬಾರದೆಂದು ಪ್ರತಿಭಟಿಸಿದೆ. ನನ್ನ ಪ್ರತಿಭಟನೆ ಎಷ್ಟು ಮೆತ್ತಗಿತ್ತೆಂದರೆ ಅವರು ಅದನ್ನು ಒಪ್ಪಿಗೆಯೆಂದು ತಿಳಿದು ಥ್ಯಾಂಕ್ಸ್ ಹೇಳಿದರು.

ಸ್ಕೂಲ್ ಡೇ ಮಧ್ಯಾಹ್ನ ನಾನು ರತ್ನಮ್ಮನ ಪಕ್ಕದಲ್ಲಿ ಕೂತಿದ್ದೆ. ರತ್ನಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. "ನಮ್ ವೇಣಿ ಹಾಡ್ತದಂತೆ ಮಿಸ್ಸಮ್ಮಾ! ಯಾವುದ್ರಲ್ಲಿ? ಇಂಗ್ಲಿಷ್‌ನಾಗಾ?" ಎಂದು ಅವಳು ಕೇಳಿದ್ದಕ್ಕೆ ಹಾಲ್‌ನ ಕೊನೆಯಲ್ಲಿದ್ದವರೂ ಹೌದೆಂದು ತಲೆಯಾಡಿಸಿದರು. ಪರದೆ ಸರಿಯಿತು, ಹಾಡು ಶುರುವಾಯಿತು. ಹಿಂದಿನ ಸಾಲಿನ ತುದಿಯಲ್ಲಿ ನಾಗವೇಣಿಯ ತುಟಿಗಳು ಆಡುತ್ತಿದ್ದವು. ಹೇಳಿದ ಮಾತು ಕೇಳುತ್ತಿದ್ದಾಳೆ ಎಂದುಕೊಂಡೆ. ಆದರೆ ಆ ತುಟಿಗಳು ಹಾಡಿನ ಜೊತೆ ಹೋಗುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದರೆ, ರತ್ನಮ್ಮನ ನಗು ಮುಖದ ಮೇಲೆ ಹಾಗೇ ನಿಂತುಹೋಗಿತ್ತು.

"ಏನಾಯ್ತು ರತ್ನಮ್ಮ?"

ಅವಳು ಸೆರಗನ್ನು ಬಾಯಿಗೆ ತಂದುಕೊಂಡು ನನ್ನ ಕಿವಿಯ ಹತ್ತಿರ ಬಾಗಿದಳು. "ನೀನಿಲ್ಲಿ ಮಾತಾಡ್ಬೇಡಮ್ಮಾ, ಎಲ್ರೂ ನಗ್ತಾರೆ ಅಂತ ನಂಗೆ ಹೇಳ್ತಾವ್ಳೆ ವೇಣಿ."

ಆ ಹೆಂಗಸಿನ ಪಿಸುಮಾತನ್ನು ನಾನು ಕೇಳಿದ್ದು ಅದೇ ಮೊದಲು. ಹಾಡು ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ರತ್ನಮ್ಮನೂ ತಟ್ಟಿದಳು, ಸದ್ದಾಗದ ಹಾಗೆ.

ಆಮೇಲೆ ವರ್ಷಗಳು ಉರುಳಿದವು. ನಮ್ಮವರು ರಿಟೈರ್ ಆದರು, ನಾವು ಇಲ್ಲೇ ಉಳಿದೆವು. ನಾಗವೇಣಿ ಈಗ ಹೈಸ್ಕೂಲು. ಭಾನುವಾರ ಬೆಳಿಗ್ಗೆ ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಾಳೆ. ಅವಳ ದನಿ ಈಗ ಹೂವಿನಂತೆ ಮೃದು ಎಂದು ನೆಂಟರೆಲ್ಲ ಹೊಗಳುತ್ತಾರೆ. ನಾನು ಮಾತ್ರ ಪ್ರತಿ ಮಾತನ್ನೂ ಎರಡು ಸಲ ಕೇಳಬೇಕು. ಅತ್ತ ರತ್ನಮ್ಮನ ಕಿವಿಯನ್ನು ಮಗ್ಗ ಅಷ್ಟಷ್ಟಾಗಿ ತಿಂದುಹಾಕಿದೆ.

"ಅಮ್ಮಂಗೆ ನನ್ ದನಿ ಕೇಳ್ಸಲ್ಲ ಮಿಸ್. ಮಗ್ಗ ನಿಲ್ಸಿದ್ರೂ ತುಟೀಲೇ ಮಾತಾಡ್ತೀನಿ," ಎಂದಳು ಒಮ್ಮೆ.

"ಸ್ವಲ್ಪ ಜೋರಾಗಿ ಹೇಳ್ಬಾರ್ದೇನೇ?"

"ಚೆನ್ನಾಗಿರಲ್ಲ ಮಿಸ್."

ಕನ್ನಡಿಯ ಪಾಠ ಮರೆತುಹೋಗಿರಬೇಕು. ಅದರ ಕೆಳಗಿದ್ದ ಪಾಠ ಅವಳ ಮೈಗೆ ಹತ್ತಿದೆ. ನಾವು ಮಕ್ಕಳಿಗೆ ಬಾಯಲ್ಲಿ ಹೇಳಿಕೊಡುವುದೊಂದು, ಅವು ನಮ್ಮ ಮುಖ ನೋಡಿ ಕಲಿಯುವುದು ಇನ್ನೊಂದು. ನಿನ್ನ ಹಾಗೇ ನೀನಿರು ಎಂದು ಹೇಳಲು ನಾನು ಅದೆಷ್ಟು ಸಲ ಬಾಯಿ ತೆರೆದೆನೋ! ಆದರೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಇಳಿಸಿದ ಗಂಟಲಿನಲ್ಲಿ ಆ ಮಾತು ಕನ್ನಡಿಯ ಇಂಗ್ಲಿಷಿನಂತೆಯೇ ಕೇಳಿಸೀತು.

ಹೋದ ಭಾನುವಾರ ನಾಗವೇಣಿ ಬಂದಾಗ ಸೊಪ್ಪಿನವಳು ಆಗತಾನೆ ಗೇಟು ದಾಟಿದ್ದಳು. "ಕರಿಯೇ ಅವಳನ್ನ," ಎಂದೆ. ಒಮ್ಮೆ ಪಾರಿವಾಳ ಹಾರಿಸಿದ ಹುಡುಗಿ ಕರೆಯಲಿಲ್ಲ. ಪುಸ್ತಕ ಜಗಲಿಯ ಮೇಲಿಟ್ಟು, ಲಂಗ ಎತ್ತಿ ಹಿಡಿದು, ಬೀದಿಯುದ್ದ ಓಡಿದಳು. ಒಂದು ಕೂಗಿನ ಕೆಲಸಕ್ಕೆ ಅಷ್ಟು ಓಟ! ಅದನ್ನು ನೋಡುತ್ತ ನಿಂತಿದ್ದವಳು ಗೇಟು ಹಿಡಿದುಕೊಂಡೆ. ಬಾಯಿ ತೆರೆದೆ.

"ನಾಗವೇಣೀ!"

ಅದು ನಮ್ಮಜ್ಜಿಯ ದನಿಯಾಗಿರಲಿಲ್ಲ. ಬಾಗಿಲಿಗೆ ಸಿಕ್ಕಿಕೊಂಡ ಕೋಳಿಯದು. ಎದುರುಮನೆಯ ಹುಡುಗರು ಬಿದ್ದು ಬಿದ್ದು ನಕ್ಕರು. ನಮ್ಮವರು ಪೇಪರು ಹಿಡಿದುಕೊಂಡೇ ಹೊರಗೆ ಓಡಿಬಂದರು, ನಾನು ಜಾರಿ ಬಿದ್ದೆನೆಂದುಕೊಂಡು. ನಾನು ಮುಖ ಕೆಂಪಾಗಿಸಿಕೊಂಡು, ಗೇಟು ಬಿಡದೆ ನಿಂತೆ.

ಬೀದಿಯ ತಿರುವಿನಲ್ಲಿ ಅವಳು ಗಕ್ಕನೆ ನಿಂತು ತಿರುಗಿದಳು. ನಗುತ್ತಿದ್ದ ಹುಡುಗರನ್ನು ನೋಡಿದಳು, ನನ್ನನ್ನು ನೋಡಿದಳು.

"ಮಿಸ್ಸ್! ನೀವಾ ಕೂಗಿದ್ದು?"

ಅಷ್ಟು ದೂರದಿಂದ, ಅಕ್ಕಪಕ್ಕದ ಮಗ್ಗಗಳ ಮೇಲೆ ಹತ್ತಿ ಬಂತು ಆ ಮಾತು. ಎರಡನೆಯ ಸಲ ಕೇಳುವ ಅಗತ್ಯ ನನಗೆ ಬೀಳಲಿಲ್ಲ.

ಅಷ್ಟರಲ್ಲಿ ಸೊಪ್ಪಿನವಳು ಹೊರಟುಹೋಗಿದ್ದಳು. ಆ ದಿನವೂ ಬೇಳೆ ಸಾರೇ.