ಎಡರೆಕ್ಕೆಯ ಒಂದು ಗರಿ

ಮೂವತ್ತು ವರ್ಷದಿಂದ ನಾನು ಒಂದು ಕಥೆ ಹೇಳುತ್ತಾ ಬಂದಿದ್ದೆ. ಎಂ.ಎ. ಮೊದಲ ವರ್ಷ, ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆ ಕೋಣೆ. ಒಂದು ಭಾನುವಾರ ರೂಮ್‌ಮೇಟ್ ಜೊತೆ ಬಸ್ಸು ಹಿಡಿದು ಸುಲ್ತಾನ್‌ಪುರದ ಕೆರೆಗೆ ಹೋದದ್ದು, ಮಂಜಿನೊಳಗಿಂದ ಎರಡು ಸಾರಸ ಕೊಕ್ಕರೆಗಳು ಹೊರಬಂದು ಕುಣಿದದ್ದು, ಅವುಗಳಲ್ಲೊಂದು ಜೊಂಡಿನ ಕಡ್ಡಿಯನ್ನು ಕೊಕ್ಕಿನಿಂದೆತ್ತಿ ಗಾಳಿಗೆ ತೂರಿದ್ದು. ನನಗೆ ಹಕ್ಕಿಯ ಹುಚ್ಚು ಹತ್ತಿದ್ದೇ ಅವತ್ತು ಎಂದು ಕಥೆ ಮುಗಿಸುತ್ತಿದ್ದೆ. ಹೆಂಡತಿಗೆ ಇದನ್ನು ಮದುವೆಗೆ ಮುಂಚೆಯೇ ಹೇಳಿದ್ದೆ. ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಕಳೆದ ಚಳಿಗಾಲ ಆ ರೂಮ್‌ಮೇಟ್ ಏನೋ ಕೆಲಸದ ಮೇಲೆ ದೆಹಲಿಗೆ ಬಂದವನು ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಉಳಿದುಕೊಂಡ. ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಾ ನಾನು ಸಾರಸದ ಮಾತು ತೆಗೆದೆ. ಅವನು ತಾಳ್ಮೆಯಿಂದ ಪೂರ್ತಿ ಕೇಳಿದ. ಆಮೇಲೆ ಚಮಚ ಕೆಳಗಿಟ್ಟ.

"ಲೋ, ಅವತ್ತು ನೀನು ಬಂದೇ ಇರಲಿಲ್ಲ. ನಿನಗೆ ಜ್ವರ. ನಾನು ವಾಪಸ್ ಬಂದು ನಿನ್ನ ಮಂಚದ ಪಕ್ಕ ಕೂತು ಹೇಳಿದ ಕಥೆ ಇದು."

ನಾನು ನಕ್ಕೆ. ಅವನು ನಗಲಿಲ್ಲ. ಅವನನ್ನು ಮೆಟ್ರೋ ಹತ್ತಿಸಿ ಬಂದವನೇ ಬಾಕ್ಸ್ ಬೆಡ್ಡಿನ ಹಲಗೆ ಎತ್ತಿ, ರಜಾಯಿಗಳ ಅಡಿಯಿಂದ ಆ ವರ್ಷದ ಡೈರಿ ಹುಡುಕಿ ತೆಗೆದೆ. ಆ ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಎರಡೇ ಸಾಲು: ಜ್ವರ ಇಳಿದಿಲ್ಲ. ಇಡೀ ದಿನ ಮಲಗಿದ್ದೆ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಘಟನೆ ನಡೆದು ಎಷ್ಟು ದಿನದ ಮೇಲೆ ಬರೆದದ್ದು, ಬರೆದವನು ಅಲ್ಲಿದ್ದನೇ ಎಂಬುದನ್ನು ಕೇಳದೆ ಯಾವ ದಾಖಲೆಯನ್ನೂ ನಂಬಬೇಡಿ ಎಂದು ವರ್ಷ ವರ್ಷ ಹೇಳುತ್ತಾ ಬಂದಿದ್ದೇನೆ. ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳತೊಡಗಿದೆ, ನಿಲ್ಲಿಸಲು ಆಗಲಿಲ್ಲ. ಅಪ್ಪ ನನಗೆ ಸೈಕಲ್ ಕಲಿಸಿದ್ದು ನಿಜವೇ ಅಥವಾ ಅಣ್ಣನಿಗೆ ಕಲಿಸಿದ್ದನ್ನು ನಾನು ನೋಡಿದ್ದೇ? ಮಗಳು ಹುಟ್ಟಿದ ದಿನ ಆಸ್ಪತ್ರೆಯ ಕಿಟಕಿಯಾಚೆ ಇದ್ದದ್ದು ಬೇವಿನ ಮರವೇ? ಹೆಂಡತಿಯನ್ನು ಇಂಥವು ಕೇಳಿ ಕೇಳಿ ಸುಸ್ತು ಮಾಡಿದೆ. ಒಂದು ದಿನ ಅವಳು, ಹಳೆಯದೆಲ್ಲ ಬಿಡಿ, ಹೊಸದಾಗಿ ಏನಾದರೂ ನೋಡಿ ನೆನಪಿಟ್ಟುಕೊಳ್ಳೋಣ ಎಂದಳು. ನಮ್ಮ ಹಕ್ಕಿ ಗುಂಪಿನ ಅಂಡಮಾನ್ ಪ್ರವಾಸಕ್ಕೆ ನಮ್ಮಿಬ್ಬರ ಹೆಸರು ಕೊಟ್ಟವಳೂ ಅವಳೇ.

ನಾವು ಭಾನುವಾರ ಬೆಳಗ್ಗೆ ಯಮುನೆಯ ದಡದಲ್ಲಿ ಹಕ್ಕಿ ನೋಡುವ ಒಂದು ಪುಟ್ಟ ಗುಂಪು. ಮುಖಂಡರು ನೋಯ್ಡಾದಲ್ಲಿರುವ ಕೊಡಗಿನ ನಿವೃತ್ತ ಕರ್ನಲ್ ಒಬ್ಬರು. ನಮ್ಮಲ್ಲಿ ಅವರೇ ತಂದ ಒಂದು ಪದ್ಧತಿ ಇದೆ, ಅದಕ್ಕೆ ಹಾಜರಿ ಎನ್ನುತ್ತೇವೆ. ನೋಡುವುದೆಲ್ಲ ಮುಗಿದ ಮೇಲೆ ಚಹಾದ ಗಾಡಿಯ ಪಕ್ಕ ನಿಂತು ಕರ್ನಲ್ ಒಂದೊಂದೇ ಹಕ್ಕಿಯ ಹೆಸರು ಓದುತ್ತಾರೆ. ಕಂಡವರು ಕೈ ಎತ್ತಬೇಕು, ಕೂಗು ಮಾತ್ರ ಕೇಳಿದವರು ಕಿವಿ ಮುಟ್ಟಬೇಕು. ಒಬ್ಬರೇ ಕೈ ಎತ್ತಿದರೆ ಪಟ್ಟಿಯ ಕೊನೆಯ ಕಾಲಮ್ಮಿಗೆ ಜೊತೆಗೆ ನೋಡಿದವರ ಹೆಸರು ಹೇಳಬೇಕು. ಹೆಸರಿಲ್ಲದಿದ್ದರೆ ಹಕ್ಕಿ ಪಟ್ಟಿಯಿಂದ ಹೊರಗೆ. ತಾರೀಖು ಮೊದಲು ಕಂಡ ದಿನದ್ದೇ ಆಗಬೇಕು. ಯಾರೂ ಬೇಸರಪಡುವ ಹಾಗಿಲ್ಲ.

ದೆಹಲಿಯ ಮಂಜಿನಿಂದ ಹೊರಟು ಪೋರ್ಟ್ ಬ್ಲೇರ್‌ನಲ್ಲಿ ಇಳಿದಾಗ ಸ್ವೆಟರ್ ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆವು. ಆರು ಜನ. ಗೈಡ್ ಆ ದ್ವೀಪದಲ್ಲೇ ಹುಟ್ಟಿ ಬೆಳೆದ, ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಮೊದಲ ಸಂಜೆಯೇ ಚಿಡಿಯಾ ಟಾಪುವಿನ ಕಾಡಿನಂಚಿಗೆ ಕರೆದೊಯ್ದರು. ಐದು ಗಂಟೆಗೆಲ್ಲ ಅಲ್ಲಿ ಸೂರ್ಯ ಮುಳುಗುತ್ತಾನೆ. ಕವಿಯುವ ಕತ್ತಲಲ್ಲಿ ಬಲಗಡೆಯಿಂದ ಸ್ಪಷ್ಟವಾಗಿ ಒಂದು ಗೂಬೆ ಕೂಗಿತು. ಮೊದಲು ಕೇಳಿದವನು ನಾನೇ. ಹೆಮ್ಮೆಯಿಂದ ಕಿವಿ ಮುಟ್ಟಿದೆ. ತಿರುವಿನಾಚೆ ಹೋಗಿ ನೋಡಿದರೆ ಇನ್ನೊಂದು ಗುಂಪಿನವರು ಗೂಬೆಯನ್ನು ಕರೆಯಲು ಫೋನಿನಲ್ಲಿ ಅದರ ರೆಕಾರ್ಡಿಂಗ್ ಹಾಕಿಕೊಂಡು ನಿಂತಿದ್ದರು. ನಾನು ಪಟ್ಟಿಗೆ ಸೇರಿಸಹೊರಟದ್ದು ಒಂದು ಸ್ಪೀಕರನ್ನು.

"ಮೇಷ್ಟ್ರು ಮೊಬೈಲ್ ಗೂಬೆ ಕಂಡುಹಿಡಿದ್ರು," ಎಂದರು ಕರ್ನಲ್. ಊಟ ಮುಗಿಯುವವರೆಗೂ ಅದೇ ಮಾತು.

ಮಾರನೆಯ ಬೆಳಗ್ಗೆ ಒದ್ದೆ ಕಾಡಿನೊಳಗೆ, ಒಂದು ಸಣ್ಣ ಹಳ್ಳದ ಪಕ್ಕದ ಕಾಲುದಾರಿ. ಎಲ್ಲರಿಗೂ ಬೇಕಾಗಿದ್ದದ್ದು ಅಂಡಮಾನ್ ಕ್ರೇಕ್. ನಮ್ಮ ಹುಂಡುಕೋಳಿಯ ಬಳಗದ್ದು, ನೆಲದ ಮೇಲೆ ಓಡಾಡುವ, ಮಹಾ ಸಂಕೋಚದ ಹಕ್ಕಿ. ಆ ದ್ವೀಪಗಳ ಹೊರಗೆ ಎಲ್ಲೂ ಇಲ್ಲ. ಎರಡು ಗಂಟೆ ನಡೆದರೂ ಸುಳಿವಿರಲಿಲ್ಲ. ವಾಪಸ್ ಬರುವಾಗ ಶೂ ಒಳಗೆ ಕಲ್ಲು ಸೇರಿತ್ತು. ತೆಗೆಯಲು ನಾನು ಹಿಂದೆ ಉಳಿದೆ, ಉಳಿದವರು ಮುಂದೆ ಹೋದರು. ಒಂದು ಕಾಲಲ್ಲಿ ನಿಂತು ತಲೆ ಎತ್ತಿದಾಗ ಹಳ್ಳದ ಆಚೆ ದಡದಲ್ಲಿ ಅದು ಇತ್ತು. ಗಾಢ ಕಂದುಗೆಂಪು ಮೈ, ಹೊಟ್ಟೆಯ ಮೇಲೆ ಕಪ್ಪು ಬಿಳಿ ಪಟ್ಟೆ, ಹಸಿರು ಕೊಕ್ಕು. ಬಲದಿಂದ ಎಡಕ್ಕೆ ನಡೆಯಿತು, ಕೊಕ್ಕಿನಿಂದ ಒಂದು ತರಗೆಲೆಯನ್ನು ಮಗುಚಿತು, ಪೊದೆಯೊಳಗೆ ಹೋಯಿತು. ಮೂರು ಸೆಕೆಂಡ್ ಇರಬಹುದು. ಕೊರಳಲ್ಲಿದ್ದ ಬೈನಾಕ್ಯುಲರ್ ಕೊರಳಲ್ಲೇ ಉಳಿಯಿತು.

ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಶೂ ಹಾಕಿಕೊಳ್ಳುವಷ್ಟರಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದು ನಿಂತಿದ್ದ. ನಿನ್ನೆ ಮಲಗುವ ಮುಂಚೆ ಪುಸ್ತಕದಲ್ಲಿ ಆ ಹಕ್ಕಿಯ ಚಿತ್ರವನ್ನು ಹತ್ತು ನಿಮಿಷ ನೋಡಿದ್ದೆಯಲ್ಲ, ಈಗ ಕಂಡದ್ದು ಹಕ್ಕಿಯೋ ಚಿತ್ರವೋ ಎಂದು ಕೇಳಿದ. ಸಾರಸವನ್ನೂ ನಾನು ಇಷ್ಟೇ ಸ್ಪಷ್ಟವಾಗಿ ಕಂಡಿದ್ದೆ.

ಆ ಸಂಜೆ ಹೋಟೆಲಿನ ವರಾಂಡದಲ್ಲಿ ಹಾಜರಿ. ಅಲ್ಲಿ ಪಟ್ಟಿ ಇಡುತ್ತಿದ್ದವರು ಗೈಡ್, ಅವರೇ ಓದುತ್ತಾ ಹೋದರು. ಅಂಡಮಾನ್ ಕ್ರೇಕ್ ಎಂದು ಓದಿ, ಯಾರೂ ಇಲ್ಲವೆಂದು ಪುಟ ತಿರುಗಿಸುವುದರಲ್ಲಿದ್ದರು. ನನ್ನ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

"ರೀ," ಎಂದಳು ಹೆಂಡತಿ, "ಒಂದೋ ಎತ್ತಿ, ಇಲ್ಲಾ ಇಳಿಸಿ."

ಎತ್ತಿದೆ. ಕರ್ನಲ್ ತಮ್ಮ ಫೋನನ್ನು ಕಿವಿಗೆ ಹಿಡಿದು, ಇದರಲ್ಲೇನಾದರೂ ಕಂಡಿತಾ ಮೇಷ್ಟ್ರೇ ಎಂದು ಕೇಳಿದರು. ಎಲ್ಲರೂ ನಕ್ಕರು. ಗೈಡ್ ಮಾತ್ರ ನಗದೆ ನನ್ನನ್ನು ವರಾಂಡದ ಇನ್ನೊಂದು ತುದಿಗೆ ಕರೆದುಕೊಂಡು ಹೋದರು. ಹಕ್ಕಿಗಳ ಪುಸ್ತಕವನ್ನು ತಮ್ಮ ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಒಬ್ಬರೇ ನೋಡಿದ ಹಕ್ಕಿಯ ವಿಚಾರಣೆ ಅವರು ಹೀಗೇ ಮಾಡುವುದಂತೆ. ಮೊದಲು ನೆಲ ಹೇಗಿತ್ತೆಂದು ಕೇಳಿದರು, ಆಮೇಲೆ ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂದು, ಹಕ್ಕಿಯನ್ನು ಕೊನೆಗೆ.

"ಗಂಟಲು ಬಿಳಿ ಇತ್ತಲ್ಲ, ಸರ್?" ಎಂದರು ಸಹಜವಾಗಿ.

ಹೂಂ ಎನ್ನುವುದು ಸುಲಭವಿತ್ತು. "ಗಂಟಲು ನನಗೆ ಕಾಣಲಿಲ್ಲ."

"ಕಾಲು ಬೂದು ಬಣ್ಣ?"

"ಅಲ್ಲ. ಪಾಚಿಯ ಹಸಿರು."

ಬಿಳಿ ಗಂಟಲು, ಬೂದು ಕಾಲಿನ ಇನ್ನೊಂದು ಕ್ರೇಕ್ ಅಲ್ಲಿದೆ, ಜನ ಮೋಸಹೋಗುವುದು ಅದರಿಂದಲೇ ಎಂದು ಆಮೇಲೆ ತಿಳಿಯಿತು. ಅವರು ಪೆನ್ನು ಪಕ್ಕಕ್ಕಿಟ್ಟು ಕೊನೆಯದಾಗಿ ಕೇಳಿದ್ದು ಇಷ್ಟು: "ಪುಸ್ತಕದ ಚಿತ್ರದಲ್ಲಿ ಇಲ್ಲದ್ದು ಏನಾದರೂ ಕಂಡಿರಾ?"

ಇಷ್ಟು ವರ್ಷದ ಪಾಠದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ವಿದ್ಯಾರ್ಥಿಗೂ ಕೇಳಿರಲಿಲ್ಲ. ಒಂದು ಇತ್ತು. ಹೇಳಲು ಹೆದರಿಕೆಯಾಯಿತು, ಏಕೆಂದರೆ ಉಳಿದದ್ದೆಲ್ಲ ಹೇಗೂ ಪಾರಾಗುವ ಮಾತು, ಇದು ಸುಳ್ಳಾದರೆ ಸುಳ್ಳೆಂದು ಗೊತ್ತಾಗುವ ಮಾತು. ಎಡರೆಕ್ಕೆಯ ಮಡಿಕೆಯಲ್ಲಿ ಒಂದು ಬಿಳಿ ಗರಿ ಇತ್ತು, ಬೆರಳಿನ ಉಗುರಿನಷ್ಟು, ಎಂದೆ. ಗೈಡ್ ಅದನ್ನು ಬರೆದುಕೊಂಡು ನನ್ನಿಂದ ಸಹಿ ಹಾಕಿಸಿದರು. ಕ್ರೇಕ್‌ಗೆ ಅಂಥ ಗರಿ ಇರುವುದಿಲ್ಲ, ಆದರೆ ಒಂದೊಂದು ಹಕ್ಕಿಗೆ ಹುಟ್ಟಿನಿಂದ ಹಾಗೆ ಬರುವುದುಂಟು ಎಂದರು. ಪಟ್ಟಿಯಲ್ಲಿ ಹಕ್ಕಿಯ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕಿದರು. ಆ ಹಕ್ಕಿ ತನ್ನ ಜಾಗ ಬಿಟ್ಟು ದೂರ ಹೋಗುವುದಿಲ್ಲ, ನಾಳೆ ಅಲ್ಲೇ ಕೂರೋಣ ಎಂದರು.

ಮಾರನೆಯ ಬೆಳಗ್ಗೆ ಐದೂವರೆಯಿಂದ ಹಳ್ಳದ ಈಚೆ ದಡದಲ್ಲಿ ಆರೂ ಜನ ಕೂತೆವು. ಮಾತಿಲ್ಲ, ಕೆಮ್ಮಿಲ್ಲ. ಸೊಳ್ಳೆ ಹೊಡೆಯುವ ಹಾಗಿಲ್ಲ. ಏಳೂಕಾಲಿಗೆ ಗೈಡ್ ಬೆರಳಿನ ತುದಿಯನ್ನು ಒಂದಿಷ್ಟು ಎತ್ತಿದರು. ಎಡಗಡೆಯ ಪೊದೆಯಿಂದ ಕಂದುಗೆಂಪು ಮೈ ಹೊರಬಂತು. ಹಸಿರು ಕೊಕ್ಕು, ಪಾಚಿಯ ಕಾಲು, ಪಟ್ಟೆ ಹೊಟ್ಟೆ. ಪಕ್ಕದಲ್ಲಿ ಕರ್ನಲ್ ಮೆಲ್ಲಗೆ ಬೈನಾಕ್ಯುಲರ್ ಎತ್ತಿದರು. ಹೆಂಡತಿ ನನ್ನ ಮಂಡಿ ಹಿಂಡಿದಳು. ಆ ಹಳ್ಳದ ದಡದಲ್ಲಿ ಸಂತೋಷವಾಗದೆ ಇದ್ದವನು ನಾನೊಬ್ಬನೇ. ಬೈನಾಕ್ಯುಲರ್ ತುಂಬ ರೆಕ್ಕೆ ಕಾಣುತ್ತಿತ್ತು, ಒಂದೊಂದು ಗರಿಯ ಅಂಚೂ ಕಾಣುತ್ತಿತ್ತು, ಬಿಳಿ ಎಲ್ಲೂ ಇರಲಿಲ್ಲ.

ಮುಗಿಯಿತು ಎಂದುಕೊಂಡೆ. ಮೂವತ್ತು ವರ್ಷದ ಹಿಂದಿನದಿರಲಿ, ನಿನ್ನೆಯದನ್ನೂ ನಾನು ಹುಟ್ಟಿಸಿಕೊಂಡು ಹೇಳಬಲ್ಲೆ. ಹಕ್ಕಿ ಈ ಸಲ ಬಲಕ್ಕೆ ನಡೆಯುತ್ತಿದೆ, ಹಾಗಾಗಿ ಕಾಣುತ್ತಿರುವುದು ಅದರ ಬಲರೆಕ್ಕೆ ಎಂಬ ಸರಳ ವಿಷಯ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಹೊಳೆದಾಗ ಅದೂ ನೆಪದಂತೆಯೇ ಕೇಳಿಸಿತು. ಕ್ರೇಕ್ ಅರ್ಧ ದಾರಿಯಲ್ಲಿ ನಿಂತಿತು. ತರಗೆಲೆಯೊಂದನ್ನು ಮಗುಚಿ ಏನನ್ನೋ ನುಂಗಿತು. ಮುಂದಕ್ಕೆ ಹೋಗಲೋ ಬೇಡವೋ ಎನ್ನುವಂತೆ ಬಾಲ ಕುಣಿಸಿತು. ಆಮೇಲೆ ಬಂದ ದಾರಿಯಲ್ಲೇ ತಿರುಗಿತು.

ಎಡರೆಕ್ಕೆಯ ಮಡಿಕೆಯಲ್ಲಿ ಉಗುರಿನಷ್ಟು ಬಿಳಿ. ನಾನು ಹೇಳಿದ ಜಾಗದಲ್ಲೇ.

ಹಕ್ಕಿ ಇನ್ನೂ ಎದುರಿಗೇ ಇತ್ತು. ಗೈಡ್ ಸದ್ದಿಲ್ಲದೆ ನೋಟ್‌ಬುಕ್ ತೆಗೆದು, ನನ್ನ ಸಹಿಯಿದ್ದ ಪುಟವನ್ನು ಕರ್ನಲ್ ಕಣ್ಣೆದುರು ಹಿಡಿದರು. ಕರ್ನಲ್ ಓದಿದರು, ಹಕ್ಕಿ ನೋಡಿದರು, ಮತ್ತೆ ಓದಿದರು. ಪೊದೆ ಮುಚ್ಚಿಕೊಂಡ ಮೇಲೆ ನಾನು ಎದ್ದೆ. ಇಪ್ಪತ್ತರ ಹುಡುಗನ ಹಾಗೆ ಆ ಕಾಲುದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದೆ. ಹೆಂಡತಿ ಹಿಂದಿನಿಂದ, ಚಲೋ, ಇನ್ನು ಆಸ್ಪತ್ರೆಯ ಬೇವಿನ ಮರವನ್ನೂ ಒಪ್ಪಿಕೊಳ್ಳಿ ಎಂದಳು. ಅದನ್ನು ಒಪ್ಪುವ ಅಗತ್ಯ ನನಗೆ ಕಾಣಲಿಲ್ಲ. ಸಾರಸ ನನ್ನದಲ್ಲ, ಅದು ಹೋದದ್ದು ಹೋಯಿತು. ಬೇವಿನ ಮರ ಗೊತ್ತಿಲ್ಲ. ಇದು ನನ್ನದು.

ಪ್ರವಾಸದ ಪೂರ್ತಿ ಪಟ್ಟಿಯನ್ನು ಗೈಡ್ ಆಮೇಲೆ ಕಳಿಸಿದರು. ಅದರ ಹಾಜರಿ ನಡೆದದ್ದು ದೆಹಲಿಗೆ ಬಂದ ಮುಂದಿನ ಭಾನುವಾರ, ಕರ್ನಲ್ ಮನೆಯಲ್ಲಿ. ಹೊರಗೆ ಎದುರಿನ ಟವರ್ ಕಾಣದಷ್ಟು ಮಂಜು, ಒಳಗೆ ಹೀಟರ್ ಸುತ್ತ ನಾವು, ಕೈಯಲ್ಲಿ ಅವರ ತೋಟದ ಕಾಫಿ. ಕರ್ನಲ್ ಕನ್ನಡಕ ಏರಿಸಿ ಓದುತ್ತಾ ಕ್ರೇಕ್‌ಗೆ ಬಂದರು. ಆರು ಕೈಗಳು ಎದ್ದವು. ಗುಂಪಿಗೆಲ್ಲ ಒಂದೇ ತಾರೀಖು ಹಾಕಿತ್ತು, ನಾವು ಕೂತು ನೋಡಿದ ದಿನದ್ದು.

ನನ್ನ ತಾರೀಖು ಅದಲ್ಲ, ಹಿಂದಿನ ದಿನ ಎಂದೆ.

ಒಂದು ದಿನ ಆಚೀಚೆ ಆದರೆ ಹಕ್ಕಿ ಹಾರಿಹೋಗುತ್ತದಾ ಎಂದು ಅವರು ಕೇಳಿದರು. ನಾನು ಕೈ ಇಳಿಸಲಿಲ್ಲ. ನಿಯಮ ಮಾಡಿದವರೇ ನೀವು, ಮೊದಲು ಕಂಡ ದಿನವನ್ನೇ ಬರೆಯಬೇಕು ಎಂದೆ. ಕರ್ನಲ್ ನನ್ನ ಹೆಂಡತಿಯ ಮುಖ ನೋಡಿದರು. ಅವಳು ಕಾಫಿ ಕುಡಿಯುತ್ತಿದ್ದಳು. ಕೊನೆಗೆ ಪೆನ್ನಿನ ಮುಚ್ಚಳ ತೆಗೆದು ಆರು ಹೆಸರಿನ ಸಾಲಿನಿಂದ ನನ್ನದೊಂದನ್ನು ಹೊಡೆದುಹಾಕಿದರು. ಕೆಳಗೆ ಬೇರೆ ಸಾಲು ಎಳೆದು, ನನ್ನ ಹೆಸರು ಬರೆದು, ಹಿಂದಿನ ದಿನದ ತಾರೀಖು ಹಾಕಿದರು. ಪೆನ್ನು ಕೊನೆಯ ಕಾಲಮ್ಮಿಗೆ ಬಂದು ನಿಂತಿತು.

"ಜೊತೆಗೆ ಯಾರಿದ್ರು, ಮೇಷ್ಟ್ರೇ?"

"ಯಾರೂ ಇಲ್ಲ," ಎಂದೆ. "ನಾನೊಬ್ಬನೇ. ಹಾಗೇ ಬರೆಯಿರಿ."

ಬರೆದರು.